ಕಾನೂನು ಇರಲಿಲ್ಲ, ಟಾರ್ಗೆಟ್ ಇತ್ತು

ಜನಸಂಖ್ಯೆ ಬಗ್ಗೆ ಡಿಬೇಟ್ ಇಟ್ಟುಕೊಂಡಾಗಲೆಲ್ಲ ಫೋನ್ ಲೈನ್‌ನಲ್ಲಿ ಯಾರಾದರೊಬ್ಬರು ಹೇಳೇ ಹೇಳ್ತಾರೆ: "ಸಾರ್, ಎರಡಕ್ಕಿಂತ ಹೆಚ್ಚು ಹೆತ್ತವರಿಗೆ ರೇಷನ್ ನಿಲ್ಲಿಸಿ. ತಾನಾಗೇ ಸರಿಹೋಗುತ್ತೆ." ಈ ಪ್ರಯೋಗ ಒಮ್ಮೆ ನಡೆದುಹೋಗಿದೆ, ಅದಕ್ಕೆ ಲೆಕ್ಕವೂ ಇದೆ. ಇವತ್ತು ಆ ಲೆಕ್ಕ ನೋಡೋಣ.

1976ರ ಏಪ್ರಿಲ್. ತುರ್ತು ಪರಿಸ್ಥಿತಿಗೆ ಹತ್ತು ತಿಂಗಳು. ಕೇಂದ್ರ ಆರೋಗ್ಯ ಸಚಿವ ಕರಣ್ ಸಿಂಗ್ ರಾಷ್ಟ್ರೀಯ ಜನಸಂಖ್ಯಾ ನೀತಿ ಪ್ರಕಟಿಸಿದರು. ಎರಡೇ ವರ್ಷದ ಹಿಂದೆ ಬುಕಾರೆಸ್ಟ್ ಸಮ್ಮೇಳನದಲ್ಲಿ, ಅಭಿವೃದ್ಧಿಯೇ ಅತ್ಯುತ್ತಮ ಸಂತಾನ ನಿಯಂತ್ರಣ ಅಂತ ಜಗತ್ತಿಗೆ ಹೇಳಿ ಬಂದಿದ್ದ ನಿಯೋಗದ ನಾಯಕರೂ ಇವರೇ! ಕಡ್ಡಾಯ ಸಂತಾನಹರಣಕ್ಕೆ ಕೇಂದ್ರ ತಾನು ಕಾನೂನು ತರುವುದಿಲ್ಲ, ರಾಜ್ಯಗಳು ತರುವುದಾದರೆ ತರಲಿ ಅಂತ ನೀತಿ ಹೇಳಿತು. ಮಹಾರಾಷ್ಟ್ರ ಮಸೂದೆ ಪಾಸು ಮಾಡಿತು. ರಾಷ್ಟ್ರಪತಿಗಳ ಅಂಕಿತ ಬೀಳಲೇ ಇಲ್ಲ.

ಅಂದರೆ, ಬಲವಂತಕ್ಕೆ ಕಾನೂನೇ ಇರಲಿಲ್ಲ. ಆದರೂ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಹೇಗೆ?

ನಾನು ಓದಿದ್ದು ಇಂಜಿನಿಯರಿಂಗ್. ಯಾವುದೇ ವ್ಯವಸ್ಥೆಗೆ ಒಂದೇ ಒಂದು ಅಳತೆ ಕೊಟ್ಟರೆ ಅದು ಆ ಅಳತೆಯನ್ನಷ್ಟೇ ಓಡಿಸುತ್ತೆ. ಇಲ್ಲೂ ಆದದ್ದು ಅದೇ. ಕೇಂದ್ರ ರಾಜ್ಯಕ್ಕೆ ಟಾರ್ಗೆಟ್ ಕೊಟ್ಟಿತು, ರಾಜ್ಯ ತಾನೂ ಒಂದಿಷ್ಟು ಏರಿಸಿ ಜಿಲ್ಲೆಗೆ ಕೊಟ್ಟಿತು, ಜಿಲ್ಲೆ ಇಲಾಖೆಗಳಿಗೆ ಹಂಚಿತು. ಕೊನೆಗೆ ಅದು ಬಂದು ನಿಂತದ್ದು ಶಾಲಾ ಮೇಷ್ಟ್ರ ಹೆಗಲ ಮೇಲೆ. ಇಷ್ಟು ಜನರನ್ನು ಕರೆತರದಿದ್ದರೆ ಸಂಬಳ ಇಲ್ಲ! ಮೇಷ್ಟ್ರು ಏನು ಮಾಡಬೇಕು ಹೇಳಿ? ಎದುರು ಮಾತಾಡಲಾರದವರನ್ನು ಹುಡುಕಿದರು. ಬಡವರು, ದಲಿತರು, ಮುಸ್ಲಿಮರು, ಫುಟ್‌ಪಾತ್‌ನಲ್ಲಿ ಮಲಗುವವರು.

ಹರಿಯಾಣದ ಉಟಾವರ್ ಅನ್ನೋ ಹಳ್ಳಿ. 1976ರ ನವೆಂಬರ್‌ನ ಒಂದು ಬೆಳಗಿನ ಜಾವ ಪೊಲೀಸರು ಊರನ್ನೇ ಸುತ್ತುವರಿದರು. ಗಂಡಸರೆಲ್ಲ ಹೊರಗೆ ಬರಬೇಕು ಅಂತ ಮೈಕ್‌ನಲ್ಲಿ ಕೂಗಿದರು. ನೂರಾರು ಜನರನ್ನು ಹಿಡಿದೊಯ್ದು ಹಲವರಿಗೆ ಆಪರೇಷನ್ ಮಾಡಿಸಿದರು. ಆಮೇಲೆ ವಿಚಾರಣೆ ನಡೆಸಿದ ಶಾ ಆಯೋಗದ ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ಆಪರೇಷನ್‌ಗೆ ಸಂಬಂಧಿಸಿದ 1,774 ಸಾವುಗಳು. ಮದುವೆಯೇ ಆಗದ 548 ಮಂದಿಗೂ ಆಪರೇಷನ್ ಆಗಿದೆ ಅನ್ನೋ ದೂರು. ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಜನಸಂಖ್ಯೆ ತಗ್ಗಿಸುವುದಕ್ಕೂ ಇದಕ್ಕೂ ಏನು ಸಂಬಂಧ? ರಿಜಿಸ್ಟರ್ ತುಂಬಬೇಕಿತ್ತು, ಅಷ್ಟೇ.

1977ರ ಮಾರ್ಚ್‌ನಲ್ಲಿ ಚುನಾವಣೆ. ಉತ್ತರ ಪ್ರದೇಶದ 85ರಲ್ಲಿ ಕಾಂಗ್ರೆಸ್‌ಗೆ ಸೊನ್ನೆ. ಬಿಹಾರದ 54ರಲ್ಲೂ ಸೊನ್ನೆ. ನಮ್ಮ ಕರ್ನಾಟಕದಲ್ಲಿ? 28ಕ್ಕೆ 26 ಗೆದ್ದರು. ಸೋಲು ಗೆಲುವಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಆ ಲಾಠಿಯ ಬಿಸಿ ಜೋರಾಗಿ ತಟ್ಟಿದ್ದು ಉತ್ತರಕ್ಕೆ.

ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು. 1930ರಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸರ್ಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಇಂಥ ಕೆಲಸಕ್ಕೆ ಕೈಹಾಕಿದ ಜಗತ್ತಿನ ಮೊದಲ ಸರ್ಕಾರಗಳಲ್ಲಿ ಅದೂ ಒಂದು. ಬೇಕಾದವರು ಬರಲಿ ಅಂತ ಬಾಗಿಲು ತೆರೆದಿಟ್ಟರು, ಯಾರನ್ನೂ ಲಾರಿಗೆ ಹತ್ತಿಸಲಿಲ್ಲ.

ಈಗ ಗಾಳಿ ತಿರುಗಿದೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಅನ್ನೋ ನಿಯಮವನ್ನು 2024ರಲ್ಲಿ ಆಂಧ್ರಪ್ರದೇಶ ಕಿತ್ತುಹಾಕಿತು. ಹೆಚ್ಚು ಮಕ್ಕಳು ಮಾಡಿಕೊಳ್ಳಿ ಅಂತ ಅಲ್ಲಿನ ಮುಖ್ಯಮಂತ್ರಿಯೇ ಹೇಳ್ತಿದ್ದಾರೆ. ಬೇಡ ಅಂದಿದ್ದೂ ಸರ್ಕಾರ, ಬೇಕು ಅಂತಿರೋದೂ ಸರ್ಕಾರ. ಹೆರೋರನ್ನ ಯಾರಾದ್ರೂ ಕೇಳಿದ್ರಾ?

ಇನ್ನೊಂದು ವಿಷಯ. ತುರ್ತು ಪರಿಸ್ಥಿತಿಯ 42ನೇ ತಿದ್ದುಪಡಿ ಸಂವಿಧಾನದಲ್ಲಿ ಬಹಳಷ್ಟನ್ನು ಬದಲಿಸಿತ್ತು. ಜನತಾ ಸರ್ಕಾರ ಬಂದು ಅದರಲ್ಲಿ ಎಷ್ಟೋ ಭಾಗ ಅಳಿಸಿಹಾಕಿತು. ಉಳಿದುಕೊಂಡದ್ದರಲ್ಲಿ ಒಂದು ಸಾಲು ಇದೆ: ಏಳನೇ ಶೆಡ್ಯೂಲ್, ಸಮವರ್ತಿ ಪಟ್ಟಿ, 20ಎ. ಜನಸಂಖ್ಯಾ ನಿಯಂತ್ರಣದ ಬಗ್ಗೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಇವತ್ತಿಗೂ.