295ಎ ಕಲಂ: ಧರ್ಮನಿಂದನೆ ಕಾನೂನಿನ ಇತಿಹಾಸ

295ಎ ಕಲಂ ಭಾರತೀಯ ದಂಡ ಸಂಹಿತೆಗೆ 1927ರಲ್ಲಿ ಸೇರ್ಪಡೆಯಾದ, ಧರ್ಮನಿಂದನೆಯನ್ನು ಅಪರಾಧವೆಂದು ಸಾರಿದ ಕಾನೂನು. ಯಾವುದೇ ವರ್ಗದ ಜನರ ಧಾರ್ಮಿಕ ಭಾವನೆಗಳನ್ನು ಕೆರಳಿಸಬೇಕೆಂದೇ, ದುರುದ್ದೇಶದಿಂದ ಅವರ ಧರ್ಮವನ್ನಾಗಲೀ ನಂಬಿಕೆಯನ್ನಾಗಲೀ ಅವಮಾನಿಸಿದವರು ಇದರಡಿ ಶಿಕ್ಷೆಗೆ ಗುರಿಯಾಗುತ್ತಾರೆ. ಮೊದಲು 2 ವರ್ಷವಿದ್ದ ಗರಿಷ್ಠ ಸೆರೆವಾಸವನ್ನು 1961ರಲ್ಲಿ 3 ವರ್ಷಕ್ಕೆ ಏರಿಸಲಾಯಿತು. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ ಮುಂದುವರಿದಿದೆ. ಹಲವು ಮತಗಳ ನಾಡಿನಲ್ಲಿ ಶಾಂತಿಯನ್ನೂ ಮಾತಿನ ಸ್ವಾತಂತ್ರ್ಯವನ್ನೂ ಒಟ್ಟಿಗೆ ಕಾಯುವುದು ಎಷ್ಟು ಕಷ್ಟವೆಂಬುದಕ್ಕೆ ಈ ಕಲಮಿನ ಚರಿತ್ರೆಯೇ ಸಾಕ್ಷಿ.

ಹಿನ್ನೆಲೆ

ಮೆಕಾಲೆ ನೇತೃತ್ವದ ಕಾನೂನು ಆಯೋಗ 1837ರಲ್ಲಿ ಸಿದ್ಧಪಡಿಸಿದ ಕರಡಿನ ಆಧಾರದ ಮೇಲೆ ದಂಡ ಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರಲ್ಲಿ ಜಾರಿಗೆ ಬಂತು. ಇಂಗ್ಲೆಂಡಿನ ಧರ್ಮನಿಂದನೆ ಕಾನೂನು ಅಲ್ಲಿನ ಕ್ರೈಸ್ತ ಮತಕ್ಕಷ್ಟೇ ರಕ್ಷಣೆ ಕೊಡುತ್ತಿದ್ದರೆ, ಭಾರತದ ಸಂಹಿತೆಯ 15ನೆಯ ಅಧ್ಯಾಯ ಎಲ್ಲ ಮತಗಳನ್ನೂ ಸಮಾನವಾಗಿ ಕಂಡಿತು. ಪೂಜಾಸ್ಥಳವನ್ನು ಅಪವಿತ್ರಗೊಳಿಸುವುದು, ಪ್ರಾರ್ಥನೆಗೆ ಅಡ್ಡಿಪಡಿಸುವುದು, ಸ್ಮಶಾನಕ್ಕೆ ಅತಿಕ್ರಮವಾಗಿ ನುಗ್ಗುವುದು, ಎದುರಿಗಿದ್ದವರ ಮನ ನೋಯಿಸಲೆಂದೇ ಆಡುವ ಮಾತು, ಇವೆಲ್ಲ ಅಪರಾಧಗಳಾದವು. ಅಚ್ಚಾದ ಬರಹದ ಪ್ರಸ್ತಾಪ ಆ ಅಧ್ಯಾಯದಲ್ಲಿರಲಿಲ್ಲ. ಸಮುದಾಯಗಳ ನಡುವೆ ದ್ವೇಷ ಬಿತ್ತುವುದನ್ನು ತಡೆಯುವ 153ಎ ಕಲಂ 1898ರಲ್ಲಿ ಬಂತು.

ಲಾಹೋರಿನ ಮೊಕದ್ದಮೆ

1924ರಲ್ಲಿ ಲಾಹೋರಿನ ಪ್ರಕಾಶಕ ರಾಜಪಾಲ್ ಅವರು ಪ್ರವಾದಿ ಮಹಮ್ಮದರ ಖಾಸಗಿ ಬದುಕನ್ನು ಗೇಲಿ ಮಾಡುವ 'ರಂಗೀಲಾ ರಸೂಲ್' ಎಂಬ ಪುಸ್ತಿಕೆಯನ್ನು ಹೊರತಂದರು. ಅದರಲ್ಲಿ ಲೇಖಕರ ಹೆಸರಿರಲಿಲ್ಲ. 153ಎ ಅಡಿ ರಾಜಪಾಲ್ ಅವರಿಗೆ ಕೆಳಗಿನ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಆದರೆ 1927ರ ಮೇ ತಿಂಗಳಲ್ಲಿ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಅವರು ರಾಜಪಾಲ್ ಅವರನ್ನು ಖುಲಾಸೆ ಮಾಡಿದರು. ಬರಹ ಕೀಳು ಅಭಿರುಚಿಯದೇ ಆಗಿದ್ದರೂ, ಗತಿಸಿದ ಧರ್ಮಗುರುವೊಬ್ಬರ ಟೀಕೆಯನ್ನು ತಡೆಯಲು 153ಎ ರಚಿತವಾಗಿಲ್ಲ ಎಂಬುದು ಅವರ ತರ್ಕ. ಮುಸ್ಲಿಮರ ಪ್ರತಿಭಟನೆ ಭುಗಿಲೆದ್ದಿತು. ಅದೇ ವರ್ಷ ಇಂಥದೇ ಇನ್ನೊಂದು ಮೊಕದ್ದಮೆಯಲ್ಲಿ ವಿಭಾಗೀಯ ಪೀಠ 153ಎ ಅಡಿಯಲ್ಲೇ ಶಿಕ್ಷೆ ವಿಧಿಸಿದರೂ 295ಎ ಕಲಮನ್ನು ಸೇರಿಸುವ ಹೊಸ ಮಸೂದೆಯನ್ನು ಸರ್ಕಾರ ಕೈಬಿಡಲಿಲ್ಲ.

ಮಸೂದೆಯನ್ನು ಪರಿಶೀಲಿಸಿದ ಆಯ್ಕೆ ಸಮಿತಿಯ ಕೆಲಸ ಇಂದಿಗೂ ನೆನೆಯಬೇಕಾದದ್ದು. ಸಮಾಜ ಸುಧಾರಣೆಗಾಗಿ ಒಬ್ಬ ಲೇಖಕ ಪ್ರಾಮಾಣಿಕವಾಗಿಯೇ ಕಟುವಾಗಿ ಬರೆಯಬಹುದು, ಅಂಥವರು ಜೈಲು ಸೇರಬಾರದು ಎಂಬ ವಾದವನ್ನು ಸಮಿತಿ ಒಪ್ಪಿತು. ಇತಿಹಾಸ ಸಂಶೋಧನೆಗೂ ಧರ್ಮದ ಪ್ರಾಮಾಣಿಕ ವಿಮರ್ಶೆಗೂ ಧಕ್ಕೆಯಾಗಬಾರದೆಂದು ಮಹಮ್ಮದ್ ಅಲಿ ಜಿನ್ನಾ ಎಚ್ಚರಿಸಿದ್ದರು. ಬೇಕೆಂದೇ ಮಾಡಿದ್ದೆಂದೂ ದುರುದ್ದೇಶದಿಂದ ಮಾಡಿದ್ದೆಂದೂ ಎರಡನ್ನೂ ಸಾಬೀತುಪಡಿಸಬೇಕೆಂಬ ಷರತ್ತು ಈ ಕಾಳಜಿಯ ಫಲ. ಕಾನೂನು ಬಂದರೂ ರಾಜಪಾಲ್ ಉಳಿಯಲಿಲ್ಲ. 1929ರ ಏಪ್ರಿಲ್ 6ರಂದು ಇಲ್ಮುದ್ದೀನ್ ಎಂಬ ಯುವಕ ಅವರನ್ನು ಇರಿದು ಕೊಂದ. ಅದೇ ವರ್ಷದ ಅಕ್ಟೋಬರ್ 31ರಂದು ಅವನನ್ನು ಗಲ್ಲಿಗೇರಿಸಲಾಯಿತು.

ಸಂವಿಧಾನದ ಕಾಲ

ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಟ್ಟಿತು. 1951ರ ಮೊದಲ ತಿದ್ದುಪಡಿ, ಸಾರ್ವಜನಿಕ ಸುವ್ಯವಸ್ಥೆಯ ಹಿತದೃಷ್ಟಿಯಿಂದ ಅದಕ್ಕೆ ಸಮಂಜಸ ಮಿತಿ ಹಾಕಲು ಅವಕಾಶ ಮಾಡಿತು. ಈ ಆಧಾರದ ಮೇಲೆಯೇ 1957ರ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 295ಎ ಕಲಮನ್ನು ಎತ್ತಿಹಿಡಿಯಿತು. ಉದ್ದೇಶವಿಲ್ಲದೆ ಅಥವಾ ಅಜಾಗರೂಕತೆಯಿಂದ ಆದ ಅವಮಾನ ಇದರ ವ್ಯಾಪ್ತಿಗೆ ಬರುವುದಿಲ್ಲ, ಉಲ್ಬಣ ಸ್ವರೂಪದ್ದು ಮಾತ್ರ ಅಪರಾಧ ಎಂದು ಪೀಠ ಸ್ಪಷ್ಟಪಡಿಸಿತು. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಯನ್ನು ವಿಷ್ಣುವಿನ ರೂಪದಲ್ಲಿ ಚಿತ್ರಿಸಿದ ಪತ್ರಿಕೆಯ ಮುಖಪುಟದ ವಿರುದ್ಧದ ಮೊಕದ್ದಮೆಯನ್ನು 2017ರಲ್ಲಿ ರದ್ದುಪಡಿಸಿದಾಗಲೂ ನ್ಯಾಯಾಲಯ ಇದೇ ಅಳತೆಗೋಲನ್ನು ಬಳಸಿತು.

ಪುಸ್ತಕ ಮುಟ್ಟುಗೋಲಿಗೆ 2024ರವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬೇರೆಯೇ ಅಧಿಕಾರವಿತ್ತು. ಪೆರಿಯಾರ್ ಅವರ ರಾಮಾಯಣ ವಿಮರ್ಶೆಯನ್ನೂ ಅದರ ಹಿಂದಿ ಅನುವಾದವನ್ನೂ ಉತ್ತರ ಪ್ರದೇಶ ಸರ್ಕಾರ ಹೀಗೆ ಮುಟ್ಟುಗೋಲು ಹಾಕಿಕೊಂಡಿತ್ತು. ಆದೇಶದಲ್ಲಿ ಕಾರಣಗಳನ್ನೇ ಕೊಟ್ಟಿಲ್ಲವೆಂದು 1976ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕಿತು.

ಕರ್ನಾಟಕದಲ್ಲಿ

1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದು ಪ್ರಕಟಿಸಿದ ಮಲಯಾಳಂ ಕಥೆಯ ಅನುವಾದ ಗಲಭೆಗೆ ಕಾರಣವಾಗಿ ಜೀವಗಳು ಬಲಿಯಾದವು. ಸುವ್ಯವಸ್ಥೆಯ ಆತಂಕ ಬರೀ ನೆಪವಲ್ಲ ಎಂಬುದನ್ನು ಆ ದಿನಗಳು ತೋರಿಸಿದವು. ಆದರೆ ರಾಜ್ಯದ ದೊಡ್ಡ ವಿವಾದಗಳು ಎದ್ದದ್ದು ವಚನ ಪರಂಪರೆಯ ಸುತ್ತ. ಮಾತೆ ಮಹಾದೇವಿ ಅವರು 'ಬಸವ ವಚನ ದೀಪ್ತಿ'ಯಲ್ಲಿ 'ಕೂಡಲಸಂಗಮದೇವ' ಅಂಕಿತದ ಬದಲು 'ಲಿಂಗದೇವ' ಎಂದು ಬಳಸಿದ್ದಕ್ಕೆ ರಾಜ್ಯ ಸರ್ಕಾರ 1998ರಲ್ಲಿ ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಒಪ್ಪಿತು. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯ ಮುಟ್ಟುಗೋಲಿನ ವಿರುದ್ಧ ಬರಗೂರು ರಾಮಚಂದ್ರಪ್ಪ ಮತ್ತಿತರರು ಹೋರಾಡಿದರೂ 2007ರಲ್ಲಿ ತೀರ್ಪು ಸರ್ಕಾರದ ಪರವಾಗಿ ಬಂತು.

ಕಾನೂನು ಕೈ ಹಾಕುವ ಮೊದಲೇ ಸಮುದಾಯದ ಒತ್ತಡ ಬಾಯಿ ಮುಚ್ಚಿಸಿದ್ದೂ ಉಂಟು. ಚೆನ್ನಬಸವಣ್ಣನ ಜನ್ಮಕ್ಕೆ ಸಂಬಂಧಿಸಿದ ಸಂಶೋಧನೆಗಾಗಿ ವಿರೋಧ ಎದುರಿಸಿದ ಎಂ.ಎಂ. ಕಲಬುರ್ಗಿ ಅವರು 1989ರಲ್ಲಿ ತಮ್ಮ ನಿಲುವನ್ನು ಹಿಂಪಡೆಯಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಜಾರಿ ಮತ್ತು ಟೀಕೆ

ಈ ಅಪರಾಧ ಸಂಜ್ಞೇಯ ಮತ್ತು ಜಾಮೀನುರಹಿತ. ದೂರು ಬಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದು. ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲು ಮಾತ್ರ ಸರ್ಕಾರದ ಪೂರ್ವಾನುಮತಿ ಬೇಕು. ಹೀಗಾಗಿ ದುರುದ್ದೇಶವಿತ್ತೇ ಎಂಬ ಮುಖ್ಯ ಪ್ರಶ್ನೆ ಬಹುಪಾಲು ಬಂಧನ, ಜಾಮೀನು, ಕೋರ್ಟು ಅಲೆದಾಟಗಳೆಲ್ಲ ಮುಗಿದ ಮೇಲೆ ಎದ್ದೇಳುತ್ತದೆ. ಅನುಮತಿ ಕೊಡುವ ಅಧಿಕಾರ ಆಳುವವರ ಕೈಯಲ್ಲಿರುವುದರಿಂದ ಯಾರ ನೋವು ಎಣಿಕೆಗೆ ಬರುತ್ತದೆ ಎಂಬುದು ಮತಬ್ಯಾಂಕಿನ ಲೆಕ್ಕಾಚಾರಕ್ಕೆ ಸಿಲುಕುವ ಅಪಾಯವೂ ಇದೆ. ಕಾನೂನು ಸಡಿಲಗೊಂಡರೆ ಅಲ್ಪಸಂಖ್ಯಾತರೂ ದುರ್ಬಲರೂ ದ್ವೇಷದ ಮಾತಿಗೆ ತುತ್ತಾಗುತ್ತಾರೆ ಎಂಬ ಪ್ರತಿವಾದವನ್ನೂ ಹಗುರವಾಗಿ ಕಾಣುವಂತಿಲ್ಲ. ಈ ಎರಡೂ ಕಾಳಜಿಗಳಿಗೆ 1927ರ ಸಮಿತಿ ಹಾಕಿದ ಷರತ್ತಿನಲ್ಲೇ ಉತ್ತರವಿದೆ. ಅದನ್ನು ಅಂತಿಮ ತೀರ್ಪಿಗಷ್ಟೇ ಮೀಸಲಿಡದೆ ಠಾಣೆಯಲ್ಲಿ ಎಫ್‌ಐಆರ್ ದಾಖಲಿಸುವ ಹಂತದಲ್ಲೇ ಒರೆಗೆ ಹಚ್ಚಿದರೆ ಸುಧಾರಕರಿಗೂ ಸಂಶೋಧಕರಿಗೂ ಕಾನೂನು ಕೊಟ್ಟ ಮಾತು ನಡೆದಂತಾಗುತ್ತದೆ.