ನಮ್ಮ ಕಡೆಯ ಇತಿಹಾಸ – ಭಾಗ 7: ಶಿರಸಂಗಿ ದೇಸಾಯರ ಮೃತ್ಯುಪತ್ರ

ಊರಿನ ಹುಡುಗರ ಓದಿಗೆ ಟ್ರಸ್ಟ್ ಮಾಡೋಣ ಅಂತ ನಮ್ಮ ಗ್ರೂಪಿನಲ್ಲಿ ಮಾತು ಶುರುವಾಗಿದೆಯಲ್ಲ, ಅದಕ್ಕೇ ಈ ಸಲ ಶಿರಸಂಗಿ ಲಿಂಗರಾಜರ ಬಗ್ಗೆ ಬರೆಯುತ್ತಿದ್ದೇನೆ.

ಸವದತ್ತಿ ತಾಲೂಕಿನ ಶಿರಸಂಗಿ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಕಾಳಮ್ಮನ ಗುಡಿ. ಅಲ್ಲಿಯ ದೇಸಗತಿಗೆ ದತ್ತು ಬಂದವರು ಲಿಂಗರಾಜರು. ಹುಟ್ಟಿದ್ದು 1861ರಲ್ಲಿ, ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿಯಲ್ಲಿ. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಇವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಂಡರು. ಆದರೆ ಅದಕ್ಕೂ ಮುಂಚೆ ದೇಸಗತಿಯ ಆಸ್ತಿಯೆಲ್ಲ ಲಿಂಗಾಯತ ಮಕ್ಕಳ ವಿದ್ಯೆಗೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟಿದ್ದರು.

ಆ ಕಾಲ ಹೇಗಿತ್ತು ನೋಡಿ. ನಮ್ಮ ಭಾಗ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಧಾರವಾಡದ ಕರ್ನಾಟಕ ಕಾಲೇಜು ಶುರುವಾಗಿದ್ದೇ 1917ರಲ್ಲಿ. ಅದಕ್ಕೂ ಮೊದಲು ಪದವಿ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಫೀ ಒಂದೇ ಅಲ್ಲ, ರೈಲು ಖರ್ಚು, ಖೋಲಿ ಬಾಡಿಗೆ, ಊಟದ ಖರ್ಚು ಎಲ್ಲ ಬೇಕು. ಒಕ್ಕಲುತನದ ಮನೆಯ ಹುಡುಗ ಎಷ್ಟೇ ಶಾಣ್ಯಾ ಇದ್ದರೂ ಮ್ಯಾಟ್ರಿಕ್‌ಗೇ ನಿಲ್ಲುತ್ತಿದ್ದ. ಅಂಥವರಿಗೆ ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಮುಂದಿನ ದಾರಿ.

1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. 1933ರಲ್ಲಿ ಅದು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟರು. ನಾವು ದಿನಾ 'ಲಿಂಗರಾಜ ಕಾಲೇಜು' ಅನ್ನುತ್ತೇವೆ, ಯಾವ ಲಿಂಗರಾಜ ಅಂತ ಕೇಳುವವರು ಕಡಿಮೆ.

ನನಗೆ ದೊಡ್ಡದಾಗಿ ಕಾಣುವುದು ದಾನದ ಮೊತ್ತವಲ್ಲ, ದಾನದ ರೀತಿ. ಒಂದು ಸಲ ಕೈಯೆತ್ತಿ ಕೊಟ್ಟಿದ್ದರೆ ಒಂದು ವರ್ಷದ ಹುಡುಗರು ಓದುತ್ತಿದ್ದರು, ಅಷ್ಟೇ. ಅವರು ಆಸ್ತಿಯನ್ನೇ ಬಿಟ್ಟುಹೋದರು, ಉತ್ಪನ್ನ ಯಾವುದಕ್ಕೆ ಅಂತ ಕಾಗದದಲ್ಲಿ ಬರೆದರು. ಹೀಗಾಗಿ ಕೊಟ್ಟವರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ.

ಒಂದು ಮಾತು ಮುಚ್ಚಿಡಬಾರದು: ಅದು ಒಂದೇ ಸಮಾಜದ ಮಕ್ಕಳಿಗೆ ಮೀಸಲಾಗಿತ್ತು. ಆಗ ಪ್ರತಿ ಸಮಾಜವೂ ತನ್ನವರಿಗಾಗಿ ಬೋರ್ಡಿಂಗು, ಫಂಡು ಮಾಡುತ್ತಿದ್ದ ಕಾಲ. ನಮ್ಮ ಟ್ರಸ್ಟಿಗೆ ಆ ಗೆರೆ ಬೇಡ. ಯಾವ ಓಣಿಯ ಮಗುವಾದರೂ ಸರಿ, ಹೆಣ್ಣುಮಕ್ಕಳೂ ಸೇರಿ.

ಹಾಗಾಗಿ ಹಿರಿಯರಲ್ಲಿ, ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ಜೂನ್‌ನಲ್ಲಿ ಪಟ್ಟಿ ಎತ್ತುವುದು ಬಿಟ್ಟು ಮೂಲಧನ ಇಡೋಣ, ಬಡ್ಡಿ ಮಾತ್ರ ಖರ್ಚು ಮಾಡೋಣ, ನಿಯಮ ಬರೆದು ನೋಂದಣಿ ಮಾಡಿಸೋಣ. ವಿದೇಶದಲ್ಲಿರುವ ನಾವು ದುಡ್ಡು ಕಳಿಸಬಹುದು. ಲೆಕ್ಕ ಇಡುವವರು, ಮಕ್ಕಳ ಮನೆ ಬಾಗಿಲಿಗೆ ಹೋಗುವವರು ಊರಲ್ಲೇ ಬೇಕು. ಯಾರು ಮುಂದೆ ಬರುತ್ತೀರಿ, ಹೇಳಿ.