ಶಾಲೆಗೆ ಬಾರದ ಹುಡುಗ: ದಂಡ ಯಾರಿಗೆ?

ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋದವರು ನೋಡುವುದು ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇಗುಲವನ್ನು. ಅಲ್ಲಿಯ ಶಾಸನದ ಪದ್ಯಗಳು ಕವಿ ಜನ್ನನವು ಎಂಬುದು ಸಾಹಿತ್ಯಾಸಕ್ತರಿಗೆ ತಿಳಿದ ವಿಷಯ. ಕಡೂರು ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಹೊರತಂದ ಬಿ.ಎಲ್. ರೈಸ್ ಮೂಲತಃ ವಿದ್ಯಾ ಇಲಾಖೆಯ ಅಧಿಕಾರಿ ಎಂಬುದು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗ ಕಣ್ಣಿಗೆ ಬಿದ್ದ ಕಲ್ಲುಗಳೇ ಅವರನ್ನು ಶಾಸನಗಳತ್ತ ಎಳೆದವು. 1868ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ಮುಂದಿಟ್ಟವರೂ ಅವರೇ. ಅಮೃತಾಪುರ ಇಂದು ಅಂಥದೊಂದು ಹೋಬಳಿ ಕೇಂದ್ರ.

ಶಾಲೆ ತೆರೆದ ಮಾತ್ರಕ್ಕೆ ಹುಡುಗರು ಬಂದು ಕೂರುತ್ತಾರೆಯೇ? ಸರಕಾರಿ ಶಾಲೆಗಿಂತ ಹಿಂದಿನ ಕೂಲಿಮಠದಲ್ಲಿ ಈ ಪ್ರಶ್ನೆಗೆ ಉತ್ತರ ಸರಳವಾಗಿತ್ತು. ಅಡಗಿ ಕುಳಿತವನನ್ನು ಹಿಡಿದು ತರಲು ಅಯ್ಯನವರು ದೊಡ್ಡ ಹುಡುಗರನ್ನು ಅಟ್ಟುತ್ತಿದ್ದರು. ಅವರು ಅವನನ್ನು ಕೈಕಾಲು ಹಿಡಿದು ಹೊತ್ತು ತರುತ್ತಿದ್ದರು. ಬಂದ ಮೇಲೆ ಬೆತ್ತ. ತಪ್ಪು ದೊಡ್ಡದಾದರೆ ಕೋದಂಡ, ಅಂದರೆ ತೊಲೆಗೆ ಕಟ್ಟಿದ ಹಗ್ಗಕ್ಕೆ ಕೈಕೊಟ್ಟು ತೂಗುವುದು. ಹಳೆಯ ತಲೆಮಾರಿನವರು ಇದನ್ನು ನಗುನಗುತ್ತ ಹೇಳುವುದುಂಟು. ತೂಗಾಡಿದವನಿಗೆ ಆಗ ನಗು ಬಂದಿರಲಾರದು. ಏನೇ ಇರಲಿ, ಇಲ್ಲಿ ದಂಡ ತೆತ್ತವನು ಹುಡುಗ. ಸರಕಾರಕ್ಕೂ ಅವನ ಗೈರುಹಾಜರಿಗೂ ಯಾವ ಸಂಬಂಧವೂ ಇರಲಿಲ್ಲ.

ಆ ಸಂಬಂಧ ಹುಟ್ಟಿದ್ದು ಕಡ್ಡಾಯ ಶಿಕ್ಷಣದೊಂದಿಗೆ. ಬರೋಡಾ ಸಂಸ್ಥಾನ 1906ರಲ್ಲಿ ಅದನ್ನು ತನ್ನ ಪ್ರಾಂತ್ಯಕ್ಕೆಲ್ಲ ವಿಸ್ತರಿಸಿತ್ತು. ಬ್ರಿಟಿಷ್ ಭಾರತದಲ್ಲಿ ಗೋಖಲೆಯವರು 1911ರಲ್ಲಿ ತಂದ ಮಸೂದೆ ಮರುವರ್ಷ ಬಿದ್ದುಹೋಯಿತು. ಆದರೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು 1913ರಲ್ಲೇ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಮಾಡಿತು. ಮೊದಲಿಗೆ ಆಯ್ದ ಕೆಲವು ಸ್ಥಳಗಳಲ್ಲಿ, ಏಳರಿಂದ ಹನ್ನೊಂದು ವರ್ಷದ ಗಂಡುಮಕ್ಕಳಿಗೆ. ಮಗನನ್ನು ಕಳಿಸದ ತಂದೆ ದಂಡಕ್ಕೆ ಗುರಿ. ಹೀಗೆ ಬೆತ್ತ ಹುಡುಗನ ಬೆನ್ನಿನಿಂದ ಅಪ್ಪನ ಕಿಸೆಗೆ ದಾಟಿತು.

ಕಾಗದದ ಮೇಲೆ ಇದು ನ್ಯಾಯವೇ. ಆದರೆ ತರೀಕೆರೆ, ಅಜ್ಜಂಪುರದ ಕಡೆಯ ಹಳ್ಳಿಯನ್ನು ಕಣ್ಣ ಮುಂದೆ ತಂದುಕೊಂಡರೆ ತೊಡಕು ಕಾಣುತ್ತದೆ. ರಾಗಿ ಕೊಯ್ಲಿನ ದಿನಗಳಲ್ಲಿ, ಅಡಿಕೆ ಸುಲಿಯುವ ಕಾಲದಲ್ಲಿ ಮನೆಯ ಎಲ್ಲ ಕೈಗಳೂ ಬೇಕು. ದನ ಕಾಯಲು ಹುಡುಗ, ತೊಟ್ಟಿಲು ತೂಗಲು ಹುಡುಗಿ. ಮಗನ ದುಡಿಮೆ ಬಿಟ್ಟರೆ ಗತಿಯಿಲ್ಲದವನಿಂದಲೇ ದಂಡ ಕೇಳುವುದು ಹೇಗೆ? ಕೇಳಬೇಕಾದವರೂ ಅದೇ ಊರಿನವರು, ನಾಳೆ ಅವನ ಮುಖ ನೋಡಬೇಕಾದವರು. 1961ರಲ್ಲಿ ರಾಜ್ಯ ಮತ್ತೆ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಮಾಡಿತು. ದಂಡದ ಮಾತು ಉಳಿಯಿತು, ತೊಡಕೂ ಉಳಿಯಿತು. ಹುಡುಗರನ್ನು ಶಾಲೆಗೆ ಎಳೆಯುವುದರಲ್ಲಿ ಈ ಕಲಮುಗಳಿಗಿಂತ ಬಿಸಿಯೂಟದ ಕೈ ಮೇಲು ಎನ್ನಬೇಕು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು.

ನಿಜವಾದ ತಿರುವು ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ. ಇಲ್ಲಿ 'ಕಡ್ಡಾಯ' ಎಂಬ ಪದದ ಅರ್ಥವೇ ಬೇರೆ. ಆರರಿಂದ ಹದಿನಾಲ್ಕು ವರ್ಷದ ಮಗುವಿನ ದಾಖಲಾತಿ, ಹಾಜರಾತಿ, ವಿದ್ಯಾಭ್ಯಾಸದ ಪೂರ್ಣತೆ ಸರಕಾರಕ್ಕೆ ಕಡ್ಡಾಯ. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದಿದೆ. ತಪ್ಪಿದರೆ ದಂಡ ಎಂದಿಲ್ಲ. ಹೊಡೆಯುವಂತಿಲ್ಲ, ಶಾಲೆಯಿಂದ ಹೊರಹಾಕುವಂತಿಲ್ಲ.

ಹಾಗಾದರೆ ಎಷ್ಟು ದಿನ ಬಾರದಿದ್ದರೆ ಮಗು ಶಾಲೆ ಬಿಟ್ಟಂತೆ? ಕರ್ನಾಟಕದ ಲೆಕ್ಕದಲ್ಲಿ ಅದು ಸತತ 60 ದಿನವಾಗಿತ್ತು. ಎರಡು ತಿಂಗಳಲ್ಲಿ ಮಗು ಇಟ್ಟಿಗೆ ಭಟ್ಟಿಯನ್ನೋ ದೂರದ ಊರನ್ನೋ ಸೇರಿ ಕೈತಪ್ಪಿರುತ್ತದೆ. 2013ರಲ್ಲಿ ರಾಜ್ಯದ ಹೈಕೋರ್ಟು ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ಈ ಗಡುವು ಏಳು ದಿನಕ್ಕೆ ಇಳಿಯಿತು. ಮಾಸ್ತರು ಹುಡುಗನ ಮನೆ ಬಾಗಿಲಿಗೆ ಹೋಗಬೇಕಾದ ಹೊತ್ತು ಹತ್ತಿರ ಬಂತು.

ಈ ರಕ್ಷೆ ಹದಿನಾಲ್ಕು ವರ್ಷದವರೆಗೆ ಮಾತ್ರ. ಮುಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬೇಕಾದರೆ ಶೇಕಡ 75 ಹಾಜರಾತಿ ಬೇಕು. ಅಡಿಕೆ ಸುಲಿಯಲು ಹೋಗಿ ದಿನ ಕಳೆದುಕೊಂಡವನ ದಂಡವನ್ನು ಅಲ್ಲಿ ಅಪ್ಪನೂ ಕೊಡುವುದಿಲ್ಲ, ಸರಕಾರವೂ ಕೊಡುವುದಿಲ್ಲ. ಹುಡುಗನೇ ಕೊಡುತ್ತಾನೆ, ಒಂದು ವರ್ಷದ ಲೆಕ್ಕದಲ್ಲಿ.